ತೊಳೆದು ಕೊಟ್ಟ ಗಡ್ಡೆ

ಸೋರಾಪಂಪಾ,
ಮೇ ೯, ಶುಕ್ರವಾರ

ನನ್ನ ಮುದ್ದು ನೆಲಿದಾ,

ನೀನೂ ಮಗುವೂ ಸುಖವಾಗಿದ್ದೀರೆಂದು ನಂಬಿದ್ದೇನೆ. ಸೋಮವಾರ ನೀನು ಆ ವರದಿಗೆ ಸಹಿ ಹಾಕಬೇಡ. ಕಾರಣ ಹೇಳಲು ನಾಚಿಕೆ, ಆದರೂ ಬರೆಯುತ್ತೇನೆ.

ಮೊನ್ನೆ ಊರಸಭೆಯಲ್ಲಿ ನಿಮ್ಮ ಪ್ರಯೋಗಾಲಯದ ಕಾಗದ ಓದಿದರು. ನಮ್ಮ ಆಲೂಗಡ್ಡೆಯಲ್ಲಿ ಸೀಸವಿಲ್ಲ, ಕ್ಯಾಡ್ಮಿಯಂ ಇಲ್ಲವಂತೆ. ನಿನ್ನ ಸಹಿ ಬಿದ್ದರೆ ಅದೇ ಖಾಯಂ. ಆಮೇಲೆ ಹೊಳೆದಂಡೆಯ ಹೊಲಗಳಿಗೆ ಒರತೆ ನೀರಿನ ಕೊಳವೆ ಬರುವುದಿಲ್ಲ, ಗಣಿಯಿಂದ ಇಳಿಯುವ ಬೂದುನೀರೇ ಗತಿ. ಎಲ್ಲರೂ ಅದನ್ನು ಎರಡೆರಡು ಸಲ ಓದಿಸಿದರು. ನಾನು ನೆಲ ನೋಡುತ್ತಿದ್ದೆ.

ಮಾರ್ಚಿನಲ್ಲಿ ನಿಮ್ಮ ಕನ್ನಡಕದ ಹುಡುಗಿ ಬಂದಳಲ್ಲ, ಪರೀಕ್ಷೆಗೆಂದು ಹೊಳೆದಂಡೆಯ ಹೊಲಗಳಿಂದ ಐದು ಪುಟ್ಟ ಚೀಲ ಗಡ್ಡೆ ತರುವ ಕೆಲಸ ನನಗೇ ಒಪ್ಪಿಸಿದಳು, ನಿನ್ನ ತಾಯಿಯೆಂದು. ಆ ಹೊಲ ನಿನಗೆ ಗೊತ್ತು. ಎಲೆ ಹಳದಿ, ನರ ಮಾತ್ರ ಹಸಿರು. ಕಿತ್ತರೆ ಬೇರು ಸುಟ್ಟ ದಾರದ ಹಾಗೆ ಮೊಂಡು. ಗಡ್ಡೆ ಹೆಚ್ಚಿನವು ಹೆಬ್ಬೆರಳಿನಷ್ಟು. ಅಷ್ಟು ದೂರದಿಂದ ಬಂದವಳ ಕೈಗೆ ಅಂಥದ್ದನ್ನು ಹೇಗೆ ಕೊಡಲಿ? ಅವಳು ಕಡಲೆಕಾಯಿ ಸಾರು ಕುಡಿದು ಮುಗಿಸುವಷ್ಟರಲ್ಲಿ ಗುಡ್ಡದ ಹೊಲಕ್ಕೆ ಓಡಿ, ಒರತೆ ನೀರು ಕುಡಿದ ಗಡ್ಡೆ ಅಗೆದು, ತೊಳೆದು, ಲಂಗದ ಅಂಚಿನಲ್ಲಿ ಒರೆಸಿ ತುಂಬಿದೆ. ಎಷ್ಟು ಚೆನ್ನಾಗಿವೆ ಎಂದು ಹೊಗಳಿದಳು. ನನಗೂ ಹಿಗ್ಗಾಯಿತು.

ಸಭೆ ಮುಗಿದ ಮೇಲೆ ಪಕ್ಕದ ಹೊಲದ ಎವ್ಲೋಹಿಯಾಗೆ ಇದನ್ನು ಹೇಳಿಕೊಂಡೆ. ಬೈಯುತ್ತಾಳೆಂದುಕೊಂಡಿದ್ದೆ.

"ಕಾಯಿಲೆಯವನನ್ನ ಮನೇಲಿ ಮಲಗಿಸಿ, ಗಟ್ಟಿಮುಟ್ಟಾಗಿರೋ ಅವನ ತಮ್ಮನನ್ನ ಡಾಕ್ಟರ ಹತ್ರ ಕಳಿಸಿದ್ಯಲ್ಲಕ್ಕಾ," ಎಂದಳು. ಆಮೇಲೆ ಮೆಲ್ಲಗೆ, "ಮಗಳಿಗೆ ಬರಿ. ಇಲ್ದಿದ್ರೆ ಅಲ್ಲಿ ಅವಳ ಹೆಸರು ಕೆಡುತ್ತೆ. ತಪ್ಪು ನಂದೇ ಅಂತ ಸ್ಪಷ್ಟವಾಗಿ ಬರಿ," ಎಂದಳು.

ತಪ್ಪು ನನ್ನದೇ. ಈ ಕಾಗದವನ್ನು ನಿನ್ನ ಮೇಲಿನವರಿಗೆ ತೋರಿಸು. ಇದನ್ನು ಇವತ್ತಿನ ಬಸ್ಸಿನವನ ಕೈಯಲ್ಲಿ ನಿನ್ನ ಮನೆಗೆ ಕಳಿಸುತ್ತಿದ್ದೇನೆ. ಹೊಳೆದಂಡೆಯ ಗಡ್ಡೆಗಳನ್ನು, ಮಣ್ಣು ಸಮೇತ, ಭಾನುವಾರದ ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತೇನೆ. ಅವತ್ತು ಬಸ್ ನಿಲ್ದಾಣಕ್ಕೆ ನೀನೇ ಹೋಗು, ಬೇರೆಯವರನ್ನು ಕಳಿಸಬೇಡ.

ನಿನ್ನ ಅಮ್ಮ,
ಕಸಿಲ್ದಾ

ತಾ.ಕ.: ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಮಗುವಿಗೆ ಹಿಸುಕಿ ತಿನ್ನಿಸೆಂದು ಏಪ್ರಿಲ್‌ನಲ್ಲಿ ಮೂಟೆ ಕಳಿಸಿದ್ದೆನಲ್ಲ, ಅದರಲ್ಲಿ ಮೇಲಿನ ಪದರ ಮಾತ್ರ ಗುಡ್ಡದ್ದು. ಅಲ್ಲಿ ಉಳಿದಿದ್ದೇ ಅಷ್ಟು. ಕೆಳಗಿನದು ಹೊಳೆದಂಡೆಯದು, ದಪ್ಪದ್ದನ್ನು ಆರಿಸಿ ಹಾಕಿದ್ದೆ. ಬೇಯಿಸಿದರೆ ವಿಷ ಹೋಗುತ್ತದೆಂದುಕೊಂಡಿದ್ದೆ. ಮೂಟೆಯಲ್ಲಿ ಎಷ್ಟು ಕೆಳಗೆ ಬಂದಿದ್ದೀಯೋ, ಅಲ್ಲಿಗೇ ನಿಲ್ಲಿಸು ಮಗಳೇ.