ಮುಖಂಡರು ಪಕ್ಷಕ್ಕೆ ಮರಳಿದರು, ನನ್ನ ಸಹಿ ಮರಳಲಿಲ್ಲ

ಜಾತಿ ಪ್ರಮಾಣಪತ್ರಗಳ ಪರಿಶೀಲನಾಧಿಕಾರಿಗಳಿಗೆ,

ಮಾನ್ಯರೇ,

ಹೀಗೆ ಎಲ್ಲರೂ ಓದುವ ಜಾಗದಲ್ಲಿ ನಿಮಗೆ ಪತ್ರ ಬರೆಯುತ್ತಿರುವುದಕ್ಕೆ ಮೊದಲು ಕ್ಷಮೆ ಇರಲಿ. ನಿಮ್ಮ ಕಚೇರಿಗೆ ನಾಲ್ಕು ಸಲ ಬಂದೆ; ನಾಲ್ಕು ಸಲವೂ ನೀವು ಮೀಟಿಂಗಿನಲ್ಲಿದ್ದಿರಿ. ಐದನೇ ಕ್ಲಾಸಿನಿಂದ ಹಾಸ್ಟೆಲುಗಳಲ್ಲಿ, ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಬೆಳೆದವಳು ನಾನು. ಅರ್ಜಿಯ ಕನ್ನಡ ನನಗೆ ಅರ್ಧ ಬರುತ್ತದೆ, ಇನ್ನರ್ಧವನ್ನು ನಿಮ್ಮ ನೋಟಿಸು ಓದಿಯೇ ಕಲಿತೆ. ವಿಷಯ ಇಷ್ಟು: ನನ್ನ ಜಾತಿ ಪ್ರಮಾಣಪತ್ರವನ್ನು ಏಕೆ ರದ್ದುಪಡಿಸಬಾರದು ಎಂದು ನೀವು ಕೇಳಿದ್ದೀರಿ. ಇದೇ ಇಪ್ಪತ್ತಾರರೊಳಗೆ ನಿಮ್ಮ ವರದಿ ಕಾಲೇಜಿಗೆ ತಲುಪದಿದ್ದರೆ, ಬಸವನಗುಡಿಯಲ್ಲಿ ನನಗೆ ಸಿಕ್ಕಿರುವ ಲಾ ಸೀಟು ಹೋಗುತ್ತದೆ.

ಜಾತಿಗಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಜನ ಪತ್ರ ಬಿಟ್ಟು ಹೆಸರನ್ನೇ ಓದುತ್ತಾರೆ. ಒಂದು ಸಣ್ಣ ಹೆಸರು, ಒಂದು ದೊಡ್ಡ ಹೆಸರು ಎಂದುಕೊಳ್ಳಿ. ಸಣ್ಣದು ನನ್ನದು. ಅದು ಪ್ರವರ್ಗ-1ರಲ್ಲಿದೆ, ಸೀಟು ಬಂದದ್ದು ಅದರಿಂದಲೇ. ದೊಡ್ಡದು ನಮ್ಮ ಸೋದರ ಜಾತಿ ಅನ್ನುತ್ತಾರೆ. ಅದು ಸವಲತ್ತು ಕಡಿಮೆಯಿರುವ ಬೇರೆ ಪ್ರವರ್ಗದಲ್ಲಿದೆ. ಚಾಮರಾಜಪೇಟೆಯಲ್ಲಿ ದೊಡ್ಡ ಹೆಸರಿನವರದೊಂದು ಸಂಘವಿದೆ, ಸಂಘಕ್ಕೊಂದು ಹೆಣ್ಣುಮಕ್ಕಳ ಹಾಸ್ಟೆಲಿದೆ, ಅದರಲ್ಲಿ ನಮ್ಮಂಥವರಿಗೂ ಒಂದಷ್ಟು ಮಂಚಗಳಿವೆ. ನನ್ನಪ್ಪ ಬಳೇಪೇಟೆಯ ಸಗಟು ಅಂಗಡಿಯಲ್ಲಿ ಗಾಜಿನ ಬಳೆ ಪ್ಯಾಕ್ ಮಾಡುತ್ತಾರೆ, ಅಂಗಡಿಯ ಮೇಲಿನ ರೂಮಿನಲ್ಲಿ ಇನ್ನೂ ಐದು ಗಂಡಸರ ಜೊತೆ ಇರುತ್ತಾರೆ. ಹಾಗಾಗಿ ಅಪ್ಪ ಇರುವ ಊರಿನಲ್ಲೇ ಇದ್ದೂ ನಾನು ಹಾಸ್ಟೆಲಿನವಳು.

ಹಾಸ್ಟೆಲು ಸೇರಿ ಎರಡನೇ ಭಾನುವಾರ ಸಂಘದ ಕಾರ್ಯದರ್ಶಿ ರಾಮಾಂಜಿನಪ್ಪನವರು ತಿಂಡಿಯ ಹೊತ್ತಿಗೆ ಸರಿಯಾಗಿ ಬಂದರು. ಮೂವತ್ತು ವರ್ಷದಿಂದ ಒಂದೇ ಪಕ್ಷದ ಬೆನ್ನಿಗಿದ್ದ ಸಂಘ ಆ ವಾರ ಎದುರು ಪಕ್ಷಕ್ಕೆ ಹೊರಟಿತ್ತು. ಬರಿಗೈಯಲ್ಲಿ ಹೋಗಲಾಗುತ್ತದೆಯೇ? ತಲೆಗಳ ಲೆಕ್ಕ ಬೇಕು. "ನಾನು ಮತ್ತು ನನ್ನ ಕುಟುಂಬದವರು ಇದೇ ಜಾತಿಗೆ ಸೇರಿದವರಾಗಿರುತ್ತೇವೆ" ಎಂದು ದೊಡ್ಡ ಹೆಸರು ಅಚ್ಚಾಗಿದ್ದ ಫಾರಮ್ಮುಗಳನ್ನು ಪ್ರತಿ ತಟ್ಟೆಯ ಪಕ್ಕ ಒಂದೊಂದು ಇಟ್ಟರು.

"ನೋಡ್ರಮ್ಮಾ, ನಾವು ಚೂರು ಚೂರಾಗಿರೋದ್ರಿಂದಲೇ ಯಾರೂ ಕೇರ್ ಮಾಡ್ತಿಲ್ಲ. ಎಲ್ಲಾ ಒಂದೇ ಹೆಸರಿಗೆ ಬಂದ್ಬಿಡಿ. ನಂಬರ್ ಜಾಸ್ತಿ ಆದ್ರೆ ವಾರ್ಡಿನ ಟಿಕೆಟ್ ಗಟ್ಟಿಯಾಗಿ ಕೇಳ್ಬೋದು."

"ಸರ್, ನನ್ನ ಸರ್ಟಿಫಿಕೇಟಲ್ಲಿ ಬೇರೆ ಇದೆ" ಎಂದೆ.

"ಸರ್ಟಿಫಿಕೇಟ್ ಪಾಡಿಗೆ ಸರ್ಟಿಫಿಕೇಟು. ಇದು ಒಗ್ಗಟ್ಟು. ಲಾ ಓದ್ತಿದೀಯಂತೆ, ಅಷ್ಟೂ ಗೊತ್ತಾಗಲ್ವೇನಮ್ಮಾ?"

ಎಲ್ಲರೂ ನಕ್ಕರು. ವಾರ್ಡನ್ ಜಾನಕಮ್ಮ ಸೌಟು ಹಿಡಿದು ನನ್ನ ಹಿಂದೆಯೇ ನಿಂತಿದ್ದರು. "ಸೈನ್ ಹಾಕ್ಬಿಡೇ ತಾಯಿ, ಕೇಸರಿಬಾತ್ ಗಟ್ಟಿಯಾಗ್ತಿದೆ."

ಹಾಕಿದೆ. ಬಲವಂತಕ್ಕೆ ಹಾಕಿದೆ ಎಂದು ಬರೆದರೆ ನನಗೆ ಅನುಕೂಲ, ಆದರೆ ಅದು ಪೂರ್ತಿ ನಿಜವಲ್ಲ. ನನ್ನ ಸಣ್ಣ ಹೆಸರು ಹೇಳಿದರೆ ಕ್ಲಾಸಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. "ಅಂದ್ರೆ ಯಾರು?" ಅನ್ನುತ್ತಾರೆ. ಯಾರ ಹಾಗೆ, ಏನು ಕೆಲಸ ಮಾಡುತ್ತಿದ್ದವರು ಎಂದೆಲ್ಲ ಬಿಡಿಸಿ ಹೇಳುವಷ್ಟರಲ್ಲಿ ಎದುರಿನವರ ಮುಖ ಬದಲಾಗಿರುತ್ತದೆ. ದೊಡ್ಡ ಹೆಸರು ಹಾಗಲ್ಲ. ಅದಕ್ಕೆ ಕಟ್ಟಡವಿದೆ, ಸರ್ಕಲ್ಲಿನಲ್ಲಿ ಬೋರ್ಡಿದೆ. ಒಂದು ಭಾನುವಾರದ ಮಟ್ಟಿಗೆ ಯಾರೂ ಅರ್ಥ ಕೇಳದ ಹೆಸರಿನವಳಾಗಿರೋಣ ಅನ್ನಿಸಿತು. ಇದು ತಪ್ಪು, ಒಪ್ಪುತ್ತೇನೆ. ಆದರೆ ಇದು ಮೋಸವೇ, ನೀವೇ ಹೇಳಿ. ಹೆಚ್ಚಿನ ಸವಲತ್ತು ಕೊಡಿಸುವ ಹೆಸರನ್ನು ಬಿಟ್ಟು ಕಡಿಮೆಯದಕ್ಕೆ ಸಹಿ ಹಾಕುವ ಮೋಸಗಾರ್ತಿಯನ್ನು ನಿಮ್ಮ ಸರ್ವಿಸಿನಲ್ಲಿ ಎಷ್ಟು ಸಲ ನೋಡಿದ್ದೀರಿ?

ಆ ಫಾರಮ್ಮುಗಳು ಎದುರು ಪಕ್ಷ ಸೇರುವ ಸಮಾವೇಶದ ವೇದಿಕೆಯಲ್ಲಿ ಮೆರೆದು ಅಲ್ಲಿಗೇ ಮುಗಿಯುತ್ತವೆ ಎಂದುಕೊಂಡಿದ್ದೆ. ಸಂಘದವರು ಉತ್ಸಾಹದಲ್ಲಿ ಅವನ್ನೊಂದು ಮನವಿಗೆ ಪೋಣಿಸಿ, "ಇವರನ್ನೆಲ್ಲ ಇನ್ನು ಮುಂದೆ ನಮ್ಮವರೆಂದೇ ಪರಿಗಣಿಸಬೇಕು" ಎಂದು ನಿಮ್ಮ ಕಚೇರಿಗೂ ಕೊಟ್ಟಿದ್ದರು. ನೋಟಿಸು ಹಿಡಿದು ಮೊದಲ ಸಲ ಬಂದಾಗ ನಿಮ್ಮ ಗುಮಾಸ್ತರು ಕಡತ ತಿರುಗಿಸಿ ನನ್ನ ಮುಂದಿಟ್ಟರು.

"ಸೈನ್ ನಿಂದೇ ತಾನೇ?"

"ಹೌದು ಸರ್, ಆದ್ರೆ..."

"ಆದ್ರೆ ಗೀದ್ರೆ ಇಲ್ಲಮ್ಮಾ. ಒಂದ್ ಕಡೆ ಇದು ಅಂತೀಯ, ಒಂದ್ ಕಡೆ ಅದು ಅಂತೀಯ. ಯಾವ್ದನ್ನ ನಂಬೋದು ನಾವು?"

ಅಷ್ಟರಲ್ಲಿ ಎದುರು ಪಕ್ಷ ವಾರ್ಡಿನ ಟಿಕೆಟ್ಟನ್ನು ಬೇರೆ ಯಾರಿಗೋ ಕೊಟ್ಟಿತು. ರಾಮಾಂಜಿನಪ್ಪನವರಿಗೆ ಹದಿನೆಂಟೇ ದಿನಕ್ಕೆ ಹಳೆಯ ಪಕ್ಷದ ತತ್ವಗಳು ನೆನಪಾದವು. ಆ ಪಕ್ಷದವರು ಹಾರ ಹಾಕಿ ಕರೆದುಕೊಂಡರು; ಶಾಲಿನ ಬಣ್ಣ ಬದಲಾಯಿತು, ಅದರ ಮಡಿಕೆ ಮಾತ್ರ ಬದಲಾಗಲಿಲ್ಲ. ನಾನು ಓಡಿಹೋಗಿ ಕೇಳಿದೆ, "ಸರ್, ಆ ಮನವಿ ವಾಪಸ್ ತಗೊಂಡಿದೀವಿ ಅಂತ ಒಂದು ಲೆಟರ್ ಕೊಡಿ."

"ವಾಪಸ್ ತಗೊಂಡಂಗೇ ಅಲ್ವೇನಮ್ಮಾ, ನಾವೇ ವಾಪಸ್ ಬಂದಿಲ್ವಾ?"

"ಬರವಣಿಗೇಲಿ ಬೇಕಂತೆ ಸರ್."

"ಬರವಣಿಗೇಲಿ ಕೊಟ್ರೆ ನಾವು ಆ ಕಡೆ ಹೋಗಿದ್ದು ನಿಜ ಅಂತ ಒಪ್ಕೊಂಡಂಗಾಗುತ್ತಲ್ಲ!"

ಮಾನ್ಯರೇ, ನಮಗೆ ಈ ಸೆಮಿಸ್ಟರಿನಲ್ಲಿ ಪಕ್ಷಾಂತರದ ಪಾಠವಿದೆ. ಶಾಸಕನೊಬ್ಬ ಹೋದರೆ ಪಕ್ಷಾಂತರ, ಮೂರರಲ್ಲಿ ಎರಡು ಪಾಲು ಶಾಸಕರು ಒಟ್ಟಿಗೆ ಒಪ್ಪಿದರೆ ಅದು ವಿಲೀನ ಅನ್ನಿಸಿಕೊಳ್ಳಬಹುದು ಎಂದು ಬರೆದುಕೊಂಡಿದ್ದೇನೆ. ಶಾಸಕ ಸ್ಥಾನವಿಲ್ಲದ ಮುಖಂಡರಿಗೆ ಅಷ್ಟೂ ತೊಡಕಿಲ್ಲ. ಪಕ್ಷದ ಬಾಗಿಲಲ್ಲಿ ನಿಮ್ಮಂಥ ಅಧಿಕಾರಿಯೊಬ್ಬರು ಕೂತು, ನಿಮ್ಮ ತಾತ ಯಾವ ಪಕ್ಷದವರು, ಅವರ ಶಾಲಾ ದಾಖಲಾತಿ ತನ್ನಿ, ಐದು ಜನ ನೆರೆಯವರಿಂದ ಸಹಿ ಹಾಕಿಸಿ ಎಂದು ಯಾವತ್ತಾದರೂ ಕೇಳಿದ್ದಾರೆಯೇ? ನಮ್ಮನ್ನು ತೋರಿಸಿ ಹೋದವರು ಯಾವ ದಾಖಲೆಯೂ ಇಲ್ಲದೆ ಮರಳಬಹುದು. ಅವರು ತೋರಿಸಿದ ತಲೆ ಮಾತ್ರ ತಾನು ಯಾರೆಂದು ರುಜುವಾತು ಮಾಡಬೇಕು. ನೀವು ಕೇಳಿರುವ ನೆರೆಯವರ ಸಹಿಗೆ ನಾನೆಲ್ಲಿಗೆ ಹೋಗಲಿ? ಹಾಸ್ಟೆಲಿನವಳಿಗೆ ನೆರೆಯವರೆಂದರೆ ಪಕ್ಕದ ಮಂಚದವರು. ಅವರೂ ಅದೇ ಫಾರಮ್ಮಿಗೆ ಸಹಿ ಹಾಕಿದವರು.

ಮೂರನೇ ಸಲ ನಿಮ್ಮಲ್ಲಿಗೆ ಬಂದಾಗ ಜೊತೆಗೆ ಮೈತ್ರೇಯಿ ಇದ್ದಳು. ನನ್ನ ಕ್ಲಾಸ್‌ಮೇಟು, ಬಸವನಗುಡಿಯಲ್ಲಿ ಅವರದು ನಾಲ್ಕನೇ ತಲೆಮಾರು, ಮನೆಯಲ್ಲೆಲ್ಲ ಮೇಷ್ಟ್ರುಗಳೇ. ಹಿಂದಿನ ವಾರವಷ್ಟೇ ಕ್ಯಾಂಟೀನಿನಲ್ಲಿ, "ನಿಂಗೇನಮ್ಮಾ, ಕ್ಯಾಟಗರಿ ಇದೆ. ನನ್ನ ರ‍್ಯಾಂಕಿಗೆ ಗೌರ್ಮೆಂಟ್ ಸೀಟೇ ಸಿಗಲಿಲ್ಲ, ಗೊತ್ತಾ?" ಎಂದು ಜಗಳವಾಡಿದ್ದಳು. ನಿಮ್ಮ ಕಾರಿಡಾರಿನ ಬೆಂಚಿನ ಮೇಲೆ ಮೂರು ಗಂಟೆ ಕೂತು ಎದ್ದಮೇಲೆ ಮೆಟ್ಟಿಲಿಳಿಯುತ್ತಾ ಹೇಳಿದಳು: "ನಮ್ಮನೇಲಿ ಯಾರೂ ಯಾವತ್ತೂ ಇದನ್ನ ಪ್ರೂವ್ ಮಾಡಿಲ್ಲ ಕಣೆ." ಜಗಳ ಮುಗಿದಿಲ್ಲ; ರ‍್ಯಾಂಕಿನ ಮಾತನ್ನು ಮರುದಿನವೇ ಮತ್ತೆ ತೆಗೆದಳು. ನನಗೂ ಆ ಮಾತಿಗೆ ಪೂರ್ತಿ ಉತ್ತರ ಗೊತ್ತಿಲ್ಲ. ಆದರೆ ನನ್ನ ಕೇಸಿನ ಬಗ್ಗೆ ಇಷ್ಟು ದಿನದಲ್ಲಿ ನಾನು ಕೇಳಿದ ಒಂದೇ ಒಂದು ಸರಿಯಾದ ಮಾತು ಅವಳದು, ನಿಮ್ಮ ಕಚೇರಿಯದಲ್ಲ.

ನಾನು ಕರುಣೆ ಕೇಳುತ್ತಿಲ್ಲ. ಅಪ್ಪನ ಶಾಲೆಯ ದಾಖಲಾತಿ ಪುಸ್ತಕದ ದೃಢೀಕೃತ ಪ್ರತಿ ನಿಮ್ಮ ಕಡತದಲ್ಲೇ ಇದೆ, ಅದರಲ್ಲಿ ಸಣ್ಣ ಹೆಸರೇ ಇದೆ. ಅಪ್ಪ ಓದಿದ ಆ ಊರಿಗೆ ಒಬ್ಬರನ್ನು ಕಳಿಸಿ ವಿಚಾರಿಸಿ. ಸಂಘದ ಕಾರ್ಯದರ್ಶಿಯವರನ್ನು ನನ್ನೆದುರೇ ಕರೆಸಿ, ಆ ಫಾರಮ್ಮು ಏತಕ್ಕೆ ಎಂದು ಕೇಳಿ. ಭಾನುವಾರದ ಸಹಿ ಹುಟ್ಟಿಗಿಂತ ದೊಡ್ಡ ದಾಖಲೆಯೆಂದೇ ನಿಮ್ಮ ತೀರ್ಮಾನವಾದರೆ, ಅದನ್ನು ಕಾರಣಸಹಿತ ಬರೆದುಕೊಡಿ. ಮೇಲ್ಮನವಿಗಾದರೂ ಒಂದು ಕಾಗದ ಇರಲಿ. ಸದ್ಯಕ್ಕೆ ನನ್ನ ಕೈಯಲ್ಲಿರುವುದು "ನಾಳೆ ಬಾಮ್ಮಾ" ಮಾತ್ರ.

ಅಪ್ಪನಿಗೆ ಇನ್ನೂ ಹೇಳಿಲ್ಲ. ಇಂದು ಹತ್ತೊಂಬತ್ತು. ದಯವಿಟ್ಟು ಬೇಗ ಉತ್ತರಿಸಿ.

ಇಂತಿ,
ಇಪ್ಪತ್ತಾರರವರೆಗಾದರೂ ಕಾನೂನು ವಿದ್ಯಾರ್ಥಿನಿಯಾಗಿರುವ
ವಾಣಿ
ಚಾಮರಾಜಪೇಟೆ