ನನ್ನ ಮರ, ಅವಳ ಸೀಟು

ಸೆಪ್ಟೆಂಬರ್ 14, 2025, ಭಾನುವಾರ. ಬೆಳಿಗ್ಗೆ 7.20

ಮೊಣಕಾಲಿಗೆ ಎಣ್ಣೆ ಹಚ್ಚಿ ಆಯಿತು. ಟೀ ಎರಡನೇ ಕಪ್ಪು. ಇವರು ಎದ್ದಿಲ್ಲ. ಮುಂದಿನ ತಿಂಗಳ ಬೇಟೆಗೆ ರೈಫಲ್ ಒರೆಸಿಡೋಣ ಎಂದು ಕೂತಿದ್ದೆ. ಅಷ್ಟರಲ್ಲಿ ಮಾನ್ಯಾ ಫೋನು ಹಿಡಿದುಕೊಂಡು ಓಡಿ ಬಂದಳು.

“ಅಮ್ಮ, ಲುಕ್! ಚಿಕ್ಕಮ್ಮ ಈಸ್ ಸೋ ಕೂಲ್!”

ನೋಡಿದೆ. ನಾವು ಹಂದಿ ಬೇಟೆಗೆ ಹೋಗುವ, ಹಾಲಿಸ್ಟರ್ ಆಚೆಯ ರ‍್ಯಾಂಚು. ನೀರಿನ ತೊಟ್ಟಿಯ ಮೇಲ್ಗಡೆ, ಇಳಿಜಾರಿನ ಓಕ್ ಮರ. ಹದಿನೈದು ಅಡಿ ಎತ್ತರದಲ್ಲಿ ಮರಕ್ಕೆ ಬಿಗಿದ ಒಂದು ಪುಟ್ಟ ಸೀಟು. ಸೀಟಿನಲ್ಲಿ ನನ್ನ ಓರಗಿತ್ತಿ ಲಾಸ್ಯಾ. ಕಾಲ ಮೇಲೆ ಕಾಲು ಹಾಕಿಕೊಂಡು, ಹಲ್ಲು ಬಿಟ್ಟುಕೊಂಡು.

ಅದು ನನ್ನ ಮರ. ಮೂರು ವರ್ಷದ ಹಿಂದೆ ನಾನು ಕಂಡುಹಿಡಿದದ್ದು. ಬುಡದಲ್ಲಿ ಹಂದಿಗಳು ಮೈ ಉಜ್ಜಿದ ಕೆಸರಿನ ಗುರುತು ಮೊದಲು ನೋಡಿದವಳು ನಾನು. ಮೈದುನ ಯತೀಶ ನಿನ್ನೆ ಹೋಗಿ ಅದಕ್ಕೆ ಹೆಂಡತಿ ಕೂತು ಕಾಯುವ ಸ್ಟ್ಯಾಂಡು ಕಟ್ಟಿ ಬಂದಿದ್ದಾನೆ. ನನಗೆ ಒಂದು ಮಾತು ಹೇಳಿಲ್ಲ. ಅವಳು ಬಂದೂಕು ಹಿಡಿಯಲು ಕಲಿತು ನಾಲ್ಕು ತಿಂಗಳು. ಕಲಿಸಿದವಳು ಯಾರು? ನಾನೇ! ನನ್ನ ಬುದ್ಧಿಗಿಷ್ಟು...

ಮಾನ್ಯಾಗೆ “ನೈಸ್” ಎಂದೆ. ರೈಫಲ್ ಒರೆಸಿದ್ದನ್ನೇ ಮತ್ತೆ ಒರೆಸಿದೆ.

ಸೆಪ್ಟೆಂಬರ್ 16, ಮಂಗಳವಾರ. ಲಂಚ್ ಬ್ರೇಕು

ಓಕ್ಲ್ಯಾಂಡಿನ ಆಸ್ಪತ್ರೆಯ ಬ್ರೇಕ್ ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ. ಹೊಟ್ಟೆ ಇನ್ನೂ ಉರಿಯುತ್ತಿದೆ. ಮೊಸರನ್ನಕ್ಕೂ ತಣಿಯಲಿಲ್ಲ.

ನಿನ್ನೆ ಇವರನ್ನು ಕೇಳಿದೆ, ನಿಮ್ಮ ತಮ್ಮ ಮಾಡಿದ್ದು ಸರಿಯಾ ಎಂದು.

“ಎಂತ ಮಾರಾಯ್ತಿ, ಮರದ ಮೇಲೆ ನಿನ್ನ ಹೆಸರು ಬರೆದುಂಟಾ? ನೀನು ಹೇಗೂ ಕೆಳಗೆ ಕೂತ್ಕೊಳ್ಳುವವಳಲ್ವಾ” ಎಂದರು ಗುರುದತ್ ಮಹಾಶಯರು.

ಕೆಳಗೆ ಕೂತುಕೊಳ್ಳುವವಳು! ಹೋದ ವರ್ಷ ಅದೇ ಮರದ ಕೆಳಗೆ ಮಡಿಚುವ ಕುರ್ಚಿ ನನ್ನ ಭಾರಕ್ಕೆ ಪಟ್ ಎಂದು ಮುರಿದು, ನಾನು ನೆಲಕ್ಕೆ ಬಿದ್ದು, ಹಂದಿಗಳೆಲ್ಲ ಓಡಿಹೋಗಿದ್ದವು. ಇವರು, ಯತೀಶ, ಎಲ್ಲರೂ ನಕ್ಕಿದ್ದರು. ನಾನೂ ನಕ್ಕೆ. ಗಂಡನ ಮನೆಯ ಹಳೇ ನಿಯಮ ಒಂದಿದೆ. ಕಾದು ಕೂತವರಿಗೆಲ್ಲ ಮಾಂಸದಲ್ಲಿ ಸಮಪಾಲು, ಸದ್ದು ಮಾಡಿದವರಿಗೆ ಪಾಲಿಲ್ಲ. ಕಾರ್ಕಳದ ಗುಡ್ಡದಿಂದ ಅದನ್ನು ಹಾಲಿಸ್ಟರಿಗೂ ಹೊತ್ತು ತಂದಿದ್ದಾರೆ. ಆ ಸಲ ಆಮೇಲೆ ಸಿಕ್ಕ ಹಂದಿಯಲ್ಲಿ ನನಗೆ ಪಾಲು ಸಿಗಲಿಲ್ಲ. ತಮಾಷೆ ಅಂತೆ. ಫ್ರೀಜರಿನಲ್ಲಿ ನನ್ನದೆಂಬ ಒಂದು ಚೂರೂ ಇಲ್ಲದ ತಮಾಷೆ.

ನಾನೂ ಮೇಲೆ ಕೂರುತ್ತೇನೆ. ತೀರ್ಮಾನ ಆಯಿತು. ಸ್ಟ್ಯಾಂಡು ತೆಗೆದುಕೊಳ್ಳುತ್ತೇನೆ.

ಸೆಪ್ಟೆಂಬರ್ 20, ಶನಿವಾರ. ಸಂಜೆ

ಸ್ಯಾನ್ ಹೊಸೆಯ ಬೇಟೆ ಸಾಮಾನಿನ ಅಂಗಡಿಗೆ ಹೋಗಿ ಬಂದೆವು. “ನಾನೂ ಬರ್ತೇನೆ ಅಕ್ಕ, ನಿಮಗೆ ಹೆಲ್ಪ್ ಆಗ್ತದೆ” ಎಂದು ಲಾಸ್ಯಾ ಹೊರಟಳು. ಬೇಡ ಎನ್ನುವುದು ಹೇಗೆ? ಮಾನ್ಯಾಳೂ ಅವಳ ಹಿಂದೆಯೇ.

ಅಂಗಡಿಯವನು ನನಗಿಂತ ದಪ್ಪ. ಅವನನ್ನು ನೋಡಿ ಜೀವಕ್ಕೆ ಸಮಾಧಾನ ಆಯಿತು. ಮೂರು ಬಗೆ ತೋರಿಸಿದ. ಒಂದು, ಲಾಸ್ಯಾಳದ್ದರ ಹಾಗೆ ಮರಕ್ಕೆ ಪಟ್ಟಿ ಬಿಗಿದು ನಿಲ್ಲಿಸುವ ಸೀಟು, ಹತ್ತಲು ಬೇರೆ ಏಣಿ. ಇನ್ನೊಂದು, ಕೂತವರೇ ಜರುಗಿಸಿಕೊಂಡು ಮೇಲೇರುವಂಥದ್ದು. ಅದಕ್ಕೆ ತೆಂಗಿನ ಮರದ ಹಾಗೆ ನೆಟ್ಟಗಿರುವ ಮರ ಬೇಕು. ಓಕುಗಳು ಎರಡಾಳು ಎತ್ತರದಲ್ಲೇ ಕವಲೊಡೆಯುತ್ತವೆ, ಆಗದು. ಮೂರನೆಯದು ಏಣಿಯೇ ಸ್ಟ್ಯಾಂಡು. ಅದರ ಕಾಲು ನೆಲದ ಮೇಲೆ ಊರಿರುತ್ತದೆ, ಮೆಟ್ಟಿಲು ಅಗಲ, ಹಿಡಿದುಕೊಳ್ಳಲು ಕಂಬಿ. ನನ್ನ ಮೊಣಕಾಲಿಗೆ ಇದೇ ಸರಿ ಎಂದ.

ಆಮೇಲೆ ಕೇಳಿಯೇ ಬಿಟ್ಟ. “ನಿಮ್ಮ ತೂಕ?”

ಲಾಸ್ಯಾ ಪಕ್ಕದಲ್ಲೇ ಇದ್ದಳು. ಪ್ರದರ್ಶನಕ್ಕಿಟ್ಟ ಪುಟ್ಟ ಸೀಟಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಮಾನ್ಯಾಳಿಂದ ಫೋಟೋ ತೆಗೆಸಿಕೊಳ್ಳುತ್ತಿದ್ದಳು. ಅಷ್ಟು ಸೀಟಿನಲ್ಲಿ ನನ್ನದು ಒಂದು ತೊಡೆ ಕೂರಬಹುದು.

“ಇನ್ನೂರ ನಲವತ್ತು ಪೌಂಡು” ಎಂದೆ. ಸುಳ್ಳು ಬಾಯಿಂದ ಎಷ್ಟು ಸಲೀಸಾಗಿ ಬಂತು!

ಅವನು ನನ್ನನ್ನೇ ನೋಡಿದ. ನಗಲಿಲ್ಲ. ಸ್ಟ್ಯಾಂಡಿನ ಮೇಲೆ ಬರೆದ ತೂಕ ಬರಿಮೈಯ ತೂಕ ಅಲ್ಲ, ಬೂಟು, ಜಾಕೆಟ್ಟು, ಬಂದೂಕು, ನೀರು ಎಲ್ಲ ಸೇರಿದ್ದು. ಮನೆಗೆ ಹೋಗಿ ಎಲ್ಲ ಹಾಕಿಕೊಂಡು ತೂಕ ನೋಡಿ ಫೋನ್ ಮಾಡಿ ಎಂದ. ಪಟ್ಟಿ ನೋಡುವುದನ್ನೂ ಕಲಿಸಿದ. ಅಂಚಿನಲ್ಲಿ ಬೆರಳಾಡಿಸಿ, ಮಡಿಚಿ ನೋಡಿ. ಕತ್ತರಿಸಿದ ಗುರುತು ಒಂದಿದ್ದರೂ ಎಸೆಯಿರಿ, ಪಟ್ಟಿ ಹೋದರೆ ಮನುಷ್ಯನೂ ಹೋದ ಎಂದ. ಜನ ಬೀಳುವುದು ಹೆಚ್ಚಾಗಿ ಏಣಿಯಿಂದ ಸೀಟಿಗೆ ಕಾಲಿಡುವಾಗಲಂತೆ. ಗೊತ್ತು. ಅಂಥವರ ಬೆನ್ನುಮೂಳೆ ನಮ್ಮ ವಾರ್ಡಿಗೇ ಬರುತ್ತದೆ.

ಲಾಸ್ಯಾ ಇದ್ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಫೋಟೋ ಚೆನ್ನಾಗಿ ಬಂದಿದೆಯಂತೆ.

ಸೆಪ್ಟೆಂಬರ್ 23, ಮಂಗಳವಾರ

ಡ್ಯೂಟಿ ಮುಗಿಸಿ ಆಸ್ಪತ್ರೆಯ ತಕ್ಕಡಿ ಹತ್ತಿದೆ. ಯಾರೂ ಇರಲಿಲ್ಲ. ಇನ್ನೂರ ಎಪ್ಪತ್ತನಾಲ್ಕು. ಮನೆಯಲ್ಲೇ ತೂಗಿಟ್ಟಿದ್ದ ಬೂಟು, ಬಟ್ಟೆ, ರೈಫಲ್, ಚೀಲ, ನೀರು... ಮೂವತ್ತಮೂರು. ಒಟ್ಟು ಮುನ್ನೂರ ಏಳು. ಅಂದರೆ ನಾನು ಹೇಳಿದ ಸುಳ್ಳಿಗೆ ತಕ್ಕ ಮುನ್ನೂರರ ಸ್ಟ್ಯಾಂಡು ತಂದಿದ್ದರೆ, ನನ್ನ ಮಾನ ಉಳಿದು ನಾನು ಕೆಳಗೆ ಬೀಳುತ್ತಿದ್ದೆ.

ಅಂಗಡಿಯವನಿಗೆ ಫೋನ್ ಮಾಡಿ ನಿಜ ಹೇಳಿದೆ. “ನಂದು ಇನ್ನೂ ಜಾಸ್ತಿ” ಎಂದ ಪುಣ್ಯಾತ್ಮ. ಇಬ್ಬರು ಕೂರುವ ಏಣಿ ಸ್ಟ್ಯಾಂಡು ಗೊತ್ತು ಮಾಡಿದ. ಐನೂರು ಪೌಂಡಿನದು, ನಾನೊಬ್ಬಳೇ ಕೂರುವುದಕ್ಕೆ. ಜಾರಿದರೆ ಮರಕ್ಕೆ ಹಿಡಿದಿಡುವ ಮೈಪಟ್ಟಿ, ಹಾರ್ನೆಸ್ಸು, ಅದೂ ದೊಡ್ಡ ಸೈಜಿನದೇ.

ಇವರಿಗೆ ಸಂಖ್ಯೆ ಹೇಳಲಿಲ್ಲ. “ಸೀಟು ಅಗಲ ಉಂಟು ಅಂತ ತಕೊಂಡೆ” ಎಂದೆ.

ಸೆಪ್ಟೆಂಬರ್ 28, ಭಾನುವಾರ. ಸಂಜೆ 6

ನನ್ನ ಸ್ಟ್ಯಾಂಡು ನಿಂತಿತು. ಇಳಿಜಾರಿನ ಕೆಳಗಿನ ಓಕಿಗೆ. ಅಲ್ಲಿಂದ ತೊಟ್ಟಿ ಅರ್ಧ ಮಾತ್ರ ಕಾಣುತ್ತದೆ. ಲಾಸ್ಯಾಳ ಮರದಿಂದ ಪೂರ್ತಿ. ಆದರೂ ಹತ್ತಿ ಕೂತಾಗ... ಅಬ್ಬಾ! ಒಂದು ಚೂರೂ ಕಿರ್ ಅನ್ನಲಿಲ್ಲ. ಕೈಕಾಲು ಚಾಚಿ ಕೂತೆ. ಜನ್ಮದಲ್ಲಿ ಯಾವ ಕುರ್ಚಿಯೂ ನನಗೆ ಇಷ್ಟು ಜಾಗ ಕೊಟ್ಟಿರಲಿಲ್ಲ.

ಕೆಳಗೆ ಯತೀಶ, ಇವರು ಬೋಲ್ಟು ಬಿಗಿಯುತ್ತಿದ್ದರು, ಲಾಸ್ಯಾ ಏಣಿ ಹಿಡಿದಿದ್ದಳು. ನಾನು ದುರ್ಬೀನು ಹಾಕಿ ಮೇಲಿನ ಮರ ನೋಡಿದೆ. ಸುಮ್ಮನೆ. ಅಲ್ಲ, ಸುಮ್ಮನೆ ಅಲ್ಲ, ಹೊಟ್ಟೆಕಿಚ್ಚಿಗೆ.

ಸೀಟು ಹಿಡಿದಿರುವ ಪಟ್ಟಿ ಹಳದಿ. ಅದರ ಮೇಲೆ ಬಿಳಿ ಟೇಪು.

ಆ ಟೇಪು ನಾನೇ ಸುತ್ತಿದ್ದು. ಈ ತಿಂಗಳ ಆರನೇ ತಾರೀಕು ಕನ್ನಡ ಕೂಟದ ಗಣಪತಿಯನ್ನು ಟ್ರಕ್ಕಿಗೆ ಬಿಗಿದಾಗ ಪೀಠದ ಕಬ್ಬಿಣದ ಅಂಚು ಈ ಪಟ್ಟಿಯನ್ನು ಅರ್ಧ ಕತ್ತರಿಸಿತ್ತು. ಎಳೆ ಯಾರ ಕೈಗೂ ಚುಚ್ಚದಿರಲಿ ಎಂದು ನನ್ನ ಬ್ಯಾಗಿನಲ್ಲಿದ್ದ ಆಸ್ಪತ್ರೆಯ ಟೇಪು ಸುತ್ತಿದ್ದೆ. ಎಸೆಯಬೇಕು ಎಂದು ಹೇಳುವುದು ಮರೆತಿತ್ತು. ಕೂಟದ ಪಟ್ಟಿಗಳೆಲ್ಲ ಇರುವುದು ಯತೀಶನ ಗರಾಜಿನಲ್ಲಿ. ಆ ಸ್ಟ್ಯಾಂಡು ಅವನು ಲಾಸ್ ಗ್ಯಾಟೋಸಿನ ಯಾರಿಂದಲೋ ತಂದ ಸೆಕೆಂಡ್ ಹ್ಯಾಂಡು. ಪಟ್ಟಿ ಇರಲಿಲ್ಲವಂತೆ. ಕೈಗೆ ಸಿಕ್ಕಿದ್ದನ್ನು ಬಿಗಿದಿದ್ದಾನೆ. ಒಳಗೆ ಅರ್ಧ ಹೋಗಿದೆ ಎಂದು ನನಗೊಬ್ಬಳಿಗೇ ಗೊತ್ತು.

ಹೇಳೋಣ ಎಂದು ಬಾಯಿ ತೆರೆದೆ. ಆಗಲೇ ಯತೀಶ ಕೆಳಗಿನಿಂದ, “ಅತ್ತಿಗೆ, ಈ ಮರ ತಡೀತದೆ ಅಲ್ವಾ?” ಎಂದ. ಇವರು ನಕ್ಕರು. ಲಾಸ್ಯಾ “ಛೆ, ಸುಮ್ಮನಿರಿ” ಎಂದಳು, ಅವಳ ಮುಖದಲ್ಲೂ ನಗು.

ಬಾಯಿ ಮುಚ್ಚಿದೆ.

ಬೇಟೆಗೆ ಇನ್ನೂ ಎರಡು ವಾರ ಇದೆ. ಹೇಳಿದರಾಯಿತು.

ಅಕ್ಟೋಬರ್ 5, ಭಾನುವಾರ

ಹೇಳಿಲ್ಲ.

ಅವಳೇನು ನನ್ನ ಹಾಗೆಯೇ? ನೂರ ಹದಿನೆಂಟು ಪೌಂಡು. ಫೋಟೋ ತೆಗೆದ ದಿನ ತಡೆದಿತ್ತಲ್ಲ. ಹೂವಿನ ಮಾಲೆಯಲ್ಲಿ ಕಟ್ಟಿದರೂ ತಡೆಯುತ್ತದೆ.

ಅಕ್ಟೋಬರ್ 8, ಬುಧವಾರ. ರಜೆ. ಮಧ್ಯಾಹ್ನ 3

ಲಾಸ್ಯಾ ಕೋರಿ ರೊಟ್ಟಿ ತಂದಿದ್ದಳು. ನನಗಿಂತ ಚೆನ್ನಾಗಿ ಮಾಡುತ್ತಾಳೆ. ಅದನ್ನೂ ಬರೆದಿಡುತ್ತೇನೆ.

ಮಾನ್ಯಾ ಅವಳಿಗೆ ಅಂಟಿಕೊಂಡೇ ಕೂತಿದ್ದಳು. ಹದಿಮೂರು ವರ್ಷದಲ್ಲಿ ನನ್ನ ಜೊತೆ ಬೇಟೆಗೆ ಬರುತ್ತೇನೆ ಎಂದು ಒಂದು ಸಲವೂ ಕೇಳಿದವಳಲ್ಲ.

“ಅಕ್ಕ, ಶನಿವಾರ ಇವಳನ್ನೂ ಕರ್ಕೊಂಡು ಹೋಗುವಾ. ನಾನು ಇಳಿದ ಮೇಲೆ ಸ್ವಲ್ಪ ಹೊತ್ತು ನನ್ನ ಸ್ಟ್ಯಾಂಡಲ್ಲಿ ಕೂರ್ಲಿ.”

“ಪ್ಲೀಸ್ ಅಮ್ಮ!”

“ಬೇಡ” ಎಂದೆ. ಎಷ್ಟು ಜೋರಾಗಿ ಎಂದರೆ ಇಬ್ಬರೂ ಬೆಚ್ಚಿಬಿದ್ದರು.

“ಯಾಕಕ್ಕ?”

“ಅವಳಿಗೆ ಪಿಯಾನೋ ಕ್ಲಾಸುಂಟು.”

ಮಾನ್ಯಾ ಕ್ಯಾನ್ಸಲ್ ಆಗಿದೆ ಎಂದಳು. ಆದರೂ ಬೇಡ ಎಂದೆ. ಅವಳು ಬಾಗಿಲು ಬಡಿದುಕೊಂಡು ಒಳಗೆ ಹೋದಳು. ಲಾಸ್ಯಾ ನನ್ನ ಕೈ ಹಿಡಿದು, “ಬೇಜಾರು ಮಾಡ್ಬೇಡಿ ಅಕ್ಕ, ನಾನು ಕೇಳಿದ್ದೇ ತಪ್ಪು” ಎಂದಳು.

ಅವಳ ಕಾರು ತಿರುವಿನಲ್ಲಿ ಮರೆಯಾಗುವವರೆಗೆ ಕಿಟಕಿಯಲ್ಲಿ ನಿಂತಿದ್ದೆ. ನನ್ನ ಮಗಳಿಗೆ ಬೇಡ. ಅವಳಿಗೆ ಪರವಾಗಿಲ್ಲ. ಥೂ! ನರ್ಸಂತೆ ನಾನು.

ಸಂಜೆ ಫೋನ್ ಮಾಡಬೇಕು.

ಅದೇ ದಿನ, 7.15

ಮಾಡಿದೆ. ಅವಳು ಎತ್ತಿದ ತಕ್ಷಣ, “ಅಕ್ಕ, ಮಾನ್ಯಾ ಈಗಷ್ಟೇ ಟೆಕ್ಸ್ಟ್ ಮಾಡಿದ್ಳು, ನಾನೇ ಅವಳ ಅಮ್ಮ ಆಗ್ಬೇಕಿತ್ತಂತೆ. ನೋಡಿ ಹೇಗೆ!” ಎಂದು ನಕ್ಕಳು.

ರೊಟ್ಟಿ ಚೆನ್ನಾಗಿತ್ತು ಎಂದು ಹೇಳಿ ಇಟ್ಟೆ.

ಅಕ್ಟೋಬರ್ 11, ಶನಿವಾರ. 11.30, ರ‍್ಯಾಂಚಿನ ಶೆಡ್ಡು

ಪುಸ್ತಕ ತೊಡೆಯ ಮೇಲಿಟ್ಟು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ.

ಬೆಳಕು ಹರಿಯುವ ಮೊದಲೇ ನನ್ನ ಸ್ಟ್ಯಾಂಡಿನಲ್ಲಿ ಕೂತಾಗಿತ್ತು. ಹಾರ್ನೆಸ್ಸು ಸಿಕ್ಕಿಸಿದೆ. ಗಾಳಿ ಸರಿಯಾದ ಕಡೆಯಿಂದ. ಕೆಳಗೆ ಹುಲ್ಲಿನಲ್ಲಿ ಗುರ್ ಗುರ್ ಸದ್ದು. ಐದಾರು ಹಂದಿ, ಮುಂದೆ ದೊಡ್ಡದೊಂದು, ನನ್ನ ಕಡೆಗೇ. ಎಂಟು ವರ್ಷದಲ್ಲಿ ಇಷ್ಟು ಹತ್ತಿರ ಬಂದದ್ದಿಲ್ಲ. ರೈಫಲ್ ಎತ್ತಿದೆ.

ಮೇಲಿನ ಮರದ ಬುಡದಲ್ಲಿ ಲಾಸ್ಯಾ ತಲೆಗೆ ಕಟ್ಟಿಕೊಂಡ ದೀಪ ಕಂಡಿತು. ಎಂದಿನಂತೆ ಲೇಟು. ದೀಪ ಒಂದು ಮೆಟ್ಟಿಲು ಹತ್ತಿತು. ಎರಡು. ಮೂರು.

ಹಂದಿ ನಿಂತಿತು. ನನಗೆ ಅಡ್ಡವಾಗಿ.

ದೀಪ ಸೀಟಿನ ಹತ್ತಿರ ಬಂತು.

“ಲಾಸ್ಯಾ! ಕಾಲಿಡ್ಬೇಡ! ಇಳಿ! ಇಳಿಯೇ, ಪಟ್ಟಿ ತುಂಡಾಗಿದೆ!”

ಗುಡ್ಡವೆಲ್ಲ ನನ್ನದೇ ಧ್ವನಿ. ಹಂದಿಗಳು ಚೆಲ್ಲಾಪಿಲ್ಲಿಯಾಗಿ ಓಡಿದವು. ನಾನು ಇಳಿದು ಮೇಲಿನ ಮರದ ಹತ್ತಿರ ಹೋಗುವಷ್ಟರಲ್ಲಿ ಲಾಸ್ಯಾಳೂ ಇಳಿದಿದ್ದಳು. ಯತೀಶ ಆಚೆಯಿಂದ ಓಡಿ ಬಂದ, “ಎಂತ ಅತ್ತಿಗೆ ನೀವು! ಬೊಬ್ಬೆ ಹಾಕಿದವರಿಗೆ ಪಾಲಿಲ್ಲ, ಗೊತ್ತುಂಟಲ್ಲ?” ಎಂದು ರೇಗಿದ. ಪಟ್ಟಿ ನೋಡು ಎಂದೆ. ಏಣಿ ಹತ್ತಿ, ಒಂದು ಕೈಯಲ್ಲಿ ಮರ ತಬ್ಬಿಕೊಂಡು, ಇನ್ನೊಂದು ಕೈಯಲ್ಲಿ ಸೀಟು ಹಿಡಿದು ಕೆಳಕ್ಕೆ ಜಗ್ಗಿದ. ಟೇಪಿನ ಹತ್ತಿರ ಪರ್ ಎಂದು ಹರಿಯಿತು. ಸೀಟು ಹದಿನೈದು ಅಡಿ ಕೆಳಗೆ ಬಂಡೆಯ ಮೇಲೆ ಬಿತ್ತು.

ಯತೀಶ ಇಳಿದು ಬಂದು ನೆಲದ ಮೇಲೆ ಕೂತುಬಿಟ್ಟ. ಲಾಸ್ಯಾ ನನ್ನನ್ನು ತಬ್ಬಿಕೊಂಡು ಅತ್ತಳು.

“ನಿನಗೆ ಹೇಗೆ ಗೊತ್ತಾಯ್ತು ಮಾರಾಯ್ತಿ?” ಎಂದು ಇವರು ಕೇಳಿದರು.

“ದುರ್ಬೀನಲ್ಲಿ ಕಂಡಿತು” ಎಂದೆ. ಮಬ್ಬಿನಲ್ಲಿ ಏನು ಕಂಡೀತು ಎಂದು ಯಾರೂ ಕೇಳಲಿಲ್ಲ.

“ಅತ್ತಿಗೆಯ ಕಣ್ಣು ಅಂದ್ರೆ ಕಣ್ಣು!” ಎಂದ ಯತೀಶ. ಹರಿದ ಪಟ್ಟಿಯನ್ನು ಲಾಸ್ಯಾ ಎತ್ತಿಕೊಂಡಳು. ಸುರುಳಿ ಸುತ್ತಿ ಜೇಬಿಗೆ ಹಾಕಿಕೊಂಡಳು.

ಅಕ್ಟೋಬರ್ 14, ಮಂಗಳವಾರ

ಊರಿಗೆಲ್ಲ ಸುದ್ದಿ. ಅತ್ತೆ ವಿಡಿಯೋ ಕಾಲಿನಲ್ಲಿ ಕೈ ಮುಗಿದರು. ಮಾನ್ಯಾ ನನ್ನ ಫೋಟೋ ಹಾಕಿ ‘ಮೈ ಮಾಮ್’ ಎಂದು ಬರೆದಿದ್ದಾಳೆ. ಇಷ್ಟು ದಿನ ಬೇಕು ಬೇಕು ಎಂದಿದ್ದು ಇದೇ. ಫೋಟೋ ಪೂರ್ತಿ ನೋಡದೆ ಫೋನು ಮಗುಚಿಟ್ಟೆ.

ಅಕ್ಟೋಬರ್ 19, ಭಾನುವಾರ. ಸಂಜೆ 4.40

ಅಡುಗೆಮನೆಯಲ್ಲಿ ನಿಂತು ಬರೆಯುತ್ತಿದ್ದೇನೆ. ಇವರೂ ಮಾನ್ಯಾಳೂ ದೀಪಾವಳಿ ಗ್ರೋಸರಿಗೆ ಹೋಗಿದ್ದಾರೆ.

ನಿನ್ನೆ ಯತೀಶ ಹಂದಿ ಹೊಡೆದನಂತೆ. ಪಾಲು ತಂದವಳು ಲಾಸ್ಯಾ, ಒಬ್ಬಳೇ. ದೊಡ್ಡ ಪಾಲು, ತೊಡೆಯ ಭಾಗ.

“ನಾನು ಅಲ್ಲಿರಲೇ ಇಲ್ಲವಲ್ಲ, ನನಗೆ ಯಾಕೆ?” ಎಂದೆ.

“ಜೀವ ಉಳಿಸಿದವರಿಗೆ ಕೊಡ್ಲೇಬೇಕು ಅಂತ ನಮ್ಮವರು ಹೇಳಿದ್ರು.”

ಮಾಂಸದ ಪೊಟ್ಟಣ ಟೇಬಲ್ಲಿನ ಮೇಲಿಟ್ಟಳು. ಪಕ್ಕದಲ್ಲಿ ಆ ಹಳದಿ ಪಟ್ಟಿ.

“ಈ ಟೇಪು ನಿಮ್ಮ ಆಸ್ಪತ್ರೆಯದಲ್ವಾ ಅಕ್ಕ?”

ಹೌದು ಎಂದೆ.

“ಬೇಟೆಗೆ ಮುಂಚಿನ ಬುಧವಾರ ಮಾನ್ಯಾಳನ್ನು ಹತ್ತಿಸುವುದು ಬೇಡ ಅಂದ್ರಿ. ಪಿಯಾನೋ ಇರ್ಲಿಲ್ಲ ಅವಳಿಗೆ.” ಧ್ವನಿ ಏರಿಸಲಿಲ್ಲ. “ನಿಮಗೆ ಯಾವಾಗ ಗೊತ್ತಾಯ್ತು ಅಕ್ಕ? ಅದೊಂದು ಹೇಳಿ. ನಮ್ಮವರಿಗೆ ನಾನು ಹೇಳುವುದಿಲ್ಲ.”

ಟೀ ಮಾಡಿಕೊಂಡು ಬರುತ್ತೇನೆ ಎಂದು ಒಳಗೆ ಬಂದೆ. ಹತ್ತು ನಿಮಿಷ ಆಯಿತು. ಹೊರಗೆ ಕೂತೇ ಇದ್ದಾಳೆ, ಹೋಗಿಲ್ಲ. ಬಳೆ ಸದ್ದು ಕೇಳುತ್ತಿದೆ.

ಆ ಬುಧವಾರ ಬೆಳಿಗ್ಗೆಯಷ್ಟೇ ನೆನಪಾಯಿತು ಎಂದರೆ ನಂಬಬಹುದು. ಅದರ ಹಿಂದಿನ ದಿನ ಎಂದರೂ ನಂಬುತ್ತಾಳೇನೋ. ಇಲ್ಲ. ಇನ್ನೂರ ನಲವತ್ತು ಎಂದ ಬಾಯಿ ಇದು, ಮತ್ತೆ ಸುಳ್ಳು ಹೇಳಲು ಕ್ಷಣ ಸಾಕು. ಬೇಡ. ಮೊದಲು ಇಲ್ಲಿ ಬರೆಯುತ್ತೇನೆ, ಆಮೇಲೆ ಹೋಗಿ ಹಾಗೇ ಓದಿದ ಹಾಗೆ ಹೇಳುತ್ತೇನೆ.

ಲಾಸ್ಯಾ, ನನಗೆ ಸೆಪ್ಟೆಂಬರ್ ಇಪ್ಪತ್ತೆಂಟಕ್ಕೇ ಗೊತ್ತಿತ್ತು. ಹದಿಮೂರು ದಿನ ಸುಮ್ಮನಿದ್ದೆ. ಯಾಕೆಂದರೆ ನೀನು ಆ ಸೀಟಿನಲ್ಲಿ ಹಾಯಾಗಿ ಕೂತದ್ದು ನೋಡಿ ನನಗೆ ಹೊಟ್ಟೆಕಿಚ್ಚಾಗಿತ್ತು. ಬರೆದಾಯಿತು, ಈಗ ಹೋಗಿ ಹೇಳುತ್ತೇನೆ.