ಉಳಿದ ಎಂಟು ಹಾಳೆ

ಮಂಗಳವಾರ, ಮಧ್ಯಾಹ್ನ

ನನ್ನ ಮೊಂಡು ಮಗಳೇ,

ಸಾಲುಗಳು ಓರೆಯಾಗಿದ್ದರೆ ನಗಬೇಡ. ಕಣ್ಣಿನ ಪೊರೆ ಇನ್ನೂ ಬಲಿಯಬೇಕೆಂದು ಡಾಕ್ಟರು ಆಪರೇಷನ್ ಮುಂದಕ್ಕೆ ಹಾಕಿದ್ದಾರೆ. ಮರದ ಸ್ಕೇಲನ್ನು ಹಾಳೆಯ ಮೇಲಿಟ್ಟು, ಅದರ ಅಂಚು ಹಿಡಿದು ಬರೆಯುತ್ತಿದ್ದೇನೆ. ಗ್ರಂಥಾಲಯದಲ್ಲಿ ಇಪ್ಪತ್ತಾರು ವರ್ಷ ಹರಿದ ಪುಸ್ತಕ ಹೊಲಿದ ಕೈ ಇದು, ಕಣ್ಣಿಲ್ಲದೆಯೂ ಇಷ್ಟು ಮಾಡುತ್ತದೆ.

ನೀನು ಸೈನ್ಯದ ಆಸ್ಪತ್ರೆಗೆ ನರ್ಸಾಗಿ ಹೊರಟ ದಿನ ನಾನು ಅತ್ತು ಕರೆದು ರಂಪ ಮಾಡಿದ್ದಕ್ಕೆ ನಿನಗಿನ್ನೂ ಸಿಟ್ಟಿರಬಹುದು. ಅಲ್ಲಿ ನಿನ್ನ ದಿನ ಹೇಗೆ ಕಳೆಯುತ್ತದೆಂದು ತಿಳಿಯುವ ಆಸೆಗೆ ಆಮೇಲೆ ಗ್ರಂಥಾಲಯದಿಂದ ಒಂದು ಹಳೆಯ ಕಾದಂಬರಿ ತರಿಸಿಕೊಂಡೆ. ನೂರು ವರ್ಷದ ಹಿಂದಿನ ಯುದ್ಧದಲ್ಲಿ ಗಾಯಾಳುಗಳ ಸೇವೆಗೆ ಹೋದ ಹುಡುಗಿಯರ ಕಥೆ. ಅವರಲ್ಲೊಬ್ಬಳು ಥೇಟ್ ನಿನ್ನ ಹಾಗೆ, ಹೇಳಿದ ಮಾತು ಕೇಳುವ ಪೈಕಿಯಲ್ಲ. ದಿನಾ ಡ್ಯೂಟಿ ಮುಗಿಸಿ ಬಂದು, ಕಾಫಿ ಕುಡಿದು, ನಿಮ್ಮಪ್ಪ ಓದಿ ಹೇಳುತ್ತಾರೆ. ಬಸ್ ಕಂಡಕ್ಟರರ ದನಿ ಗೊತ್ತಲ್ಲ, ಸಾಯುವವನ ಕೊನೆಯ ಮಾತನ್ನೂ ಮುಂದಿನ ಸ್ಟಾಪು ಕೂಗಿದ ಹಾಗೆ ಓದುತ್ತಾರೆ.

ಕಥೆ ಕೇಳಿದರೆ ಭಯ ಕಡಿಮೆಯಾದೀತು ಅಂದುಕೊಂಡಿದ್ದೆ. ಇರಲಾರದೆ ಇರುವೆ ಬಿಟ್ಟುಕೊಂಡಂತಾಯಿತು. ಅಲ್ಲಿ ಬಾಂಬು ಬಿದ್ದರೆ ಇಲ್ಲಿ ನನ್ನ ಎದೆ ಹೊಡೆದುಕೊಳ್ಳುತ್ತದೆ. ಅವಳಿಗೆ ಜ್ವರ ಬಂದ ದಿನ ನನಗೆ ಊಟ ಸೇರಲಿಲ್ಲ.

ವಿಷಯಕ್ಕೆ ಬರುತ್ತೇನೆ. ಪುಸ್ತಕದಲ್ಲಿ ಇನ್ನು ಎಂಟೇ ಹಾಳೆ ಉಳಿದಿವೆಯೆಂದು ಮೂರು ವಾರದ ಹಿಂದೆಯೇ ಬೆರಳಿಗೆ ತಿಳಿದಿತ್ತು. ನಿಮ್ಮಪ್ಪ ಅತ್ತ ಹೋದಾಗ ಮುಟ್ಟಿ ನೋಡುತ್ತೇನೆ. ಗುರುತಿನ ದಾರ ಇದ್ದಲ್ಲೇ ಇದೆ, ಅದರಾಚೆ ಎಂಟೇ ಹಾಳೆ. ಕಥೆ ಮಾತ್ರ ಮುಗಿಯುತ್ತಿಲ್ಲ. ಮೊನ್ನೆ ಆ ಹುಡುಗಿ ಗಾಯಾಳುಗಳನ್ನು ಲಾರಿಗೆ ಹತ್ತಿಸಿ, ಬಾಗಿಲು ಬಡಿದು, "ರೈಟ್, ರೈಟ್" ಅಂದಳಂತೆ. ನಾನು ನಗು ನುಂಗಿಕೊಂಡೆ.

ಮರುಕ್ಷಣ ಇನ್ನೊಂದು ನೆನಪಾಯಿತು. ಹೋದ ವಾರ ಅವರು ಓದಿದ ನಿನ್ನ ಕಾಗದದಲ್ಲಿ ನೀನೂ ರೋಗಿಗಳಿಗೆ, "ಮುಂದೆ ಹೋಗಿ, ಮುಂದೆ ಜಾಗ ಇದೆ" ಅಂದಿದ್ದೆ.

ನಿನ್ನ ಕಾಗದಗಳು "ಪೂಜ್ಯ ತಾಯಿಯವರಿಗೆ" ಎಂದು ಶುರುವಾಗತೊಡಗಿ ಆರು ವಾರವಾಯಿತು. ಯಾವ ಪುಸ್ತಕ ಸಿಕ್ಕರೂ ಹಿಂದಿನಿಂದ ಓದುತ್ತೇನೆಂದು ನನ್ನನ್ನು ಕೊನೆಪುಟದಮ್ಮ ಎಂದು ಕರೆಯುವವಳು ನೀನು. ನಾನು ಯಾವಾಗ ಪೂಜ್ಯಳಾದೆ? ಕಾಗದ ಒಂದು ಸಲ ಕೈಗೆ ಕೊಡಿ ಎಂದು ನಿಮ್ಮಪ್ಪನನ್ನು ಕೇಳಿದೆ. ಸ್ವಲ್ಪ ತಡೆದು ಕೊಟ್ಟರು. ನೀನು ಪೆನ್ನು ಒತ್ತಿ ಬರೆಯುವವಳು, ಹಾಳೆಯ ಹಿಂದೆ ಅಕ್ಷರ ಉಬ್ಬಿ ಬೆರಳಿಗೆ ಸಿಗುತ್ತದೆ. ಇದು ಎರಡೂ ಬದಿ ನುಣ್ಣಗಿತ್ತು. ಮೇಲಂಚಿನಲ್ಲಿ ಮೊಳೆಯ ತೂತು. ನಮ್ಮ ಅಡುಗೆಮನೆಯ ಕ್ಯಾಲೆಂಡರಿನ ಹೋದ ತಿಂಗಳ ಹಾಳೆ. ಚೆನ್ನಾಗಿ ಬರೆದಿದ್ದಾಳೆ ಎಂದು ಹೇಳಿ ಮಡಿಸಿ ವಾಪಸು ಕೊಟ್ಟೆ.

ಮಗಳೇ, ನೀನು ಬರೆಯುತ್ತಿಲ್ಲವೋ, ಬರೆಯಲು ಆಗುತ್ತಿಲ್ಲವೋ? ನಿಮ್ಮಪ್ಪನಿಗೆ ಏನಾದರೂ ಗೊತ್ತಿದೆಯೋ, ಅವರೂ ನನ್ನ ಹಾಗೆ ಕತ್ತಲಲ್ಲೇ ಇದ್ದಾರೋ? ನನಗೆ ತುಂಬಾ ಭಯವಾಗುತ್ತಿದೆ. ಅಂಚೆಯವನ ಸೈಕಲ್ ಬೆಲ್ ಕೇಳಿದರೆ ಅವರು ಚಪ್ಪಲಿಯನ್ನೂ ಮೆಟ್ಟದೆ ಓಡುತ್ತಾರೆ. ಬರಿಗೈಯಲ್ಲಿ ವಾಪಸಾಗುವವರ ಹೆಜ್ಜೆ ಬೇರೆ ಇರುತ್ತದೆ. ಆಮೇಲೆ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ನಿಲ್ಲುತ್ತಾರೆ.

ಒಂದೇ ಒಂದು ಸಾಲು ಬರೆ. ಬೈದು ಬರೆದರೂ ಸರಿಯೇ. ಪೆನ್ನು ಒತ್ತಿ ಬರೆ.

ನಿನ್ನ ದಾರಿ ಕಾಯುವ
ಕೊನೆಪುಟದಮ್ಮ

ತಾ.ಕ.: ಇಲ್ಲಿಂದ ಮುಂದಿನದು ನಿನಗಲ್ಲ, ನಿಮ್ಮಪ್ಪನಿಗೆ. ರೀ, ಅಂಚೆಗೆ ಹಾಕಲು ಇದನ್ನು ನಿಮ್ಮ ಕೈಗೇ ಕೊಡಬೇಕು, ನೀವು ಒಡೆದು ಓದುತ್ತೀರೆಂದು ಗೊತ್ತು. ಆ ಕಾದಂಬರಿಯನ್ನು ಹೊಲಿದವಳು ನಾನೇ. ಆ ಹುಡುಗಿ ಮನೆಗೆ ವಾಪಸು ಬರುವುದಿಲ್ಲವೆಂದು ನೀವು ಮೊದಲ ಪುಟ ತೆರೆಯುವ ಮುಂಚೆಯೇ ನನಗೆ ಗೊತ್ತಿತ್ತು. ಅವಳನ್ನು ಇನ್ನೆಷ್ಟು ದಿನ ಬೇಕಾದರೂ ಬದುಕಿಸಿಡಿ, ನಾನು ಕೇಳುತ್ತೇನೆ. ನಮ್ಮವಳ ಕಾಗದ ಮಾತ್ರ ನೀವೇ ಕಟ್ಟಿ ಹೇಳಬೇಡಿ. ಬರದ ದಿನ ಬರಲಿಲ್ಲ ಅನ್ನಿ. ನಲ್ಲಿ ಬಿಟ್ಟುಕೊಂಡು ಒಬ್ಬರೇ ನಿಲ್ಲಬೇಡಿ. ಬಂದ ಕಾಗದ ಅವಳ ಕೈಬರಹದ್ದಲ್ಲದೆ ಸೈನ್ಯದವರದ್ದಾಗಿದ್ದರೂ ನನ್ನ ಕೈಗೇ ಕೊಡಿ.